ತಪ್ಪಿದ್ದರೆ ಸಾಲು ತೋರಿಸಿ: ಜಾನ್ ಕೆಮೆನಿ ಎಂಬ ಮೇಷ್ಟ್ರ ಕತೆ

ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಅಭ್ಯಾಸ ಇರುವವರಿಗೆಲ್ಲ ಒಂದು ಉತ್ತರ ಬಾಯಿಪಾಠ ಆಗಿರುತ್ತದೆ. ಮಾಹಿತಿ ತಾಳೆಯಾಗುತ್ತಿಲ್ಲ, ಅರ್ಜಿ ತಿರಸ್ಕೃತ. ಯಾವ ಮಾಹಿತಿ? ಯಾವ ದಾಖಲೆಯ ಜೊತೆ ತಾಳೆ ನೋಡಿದರು? ಹೆಸರಾ, ಇನಿಷಿಯಲ್ಲಾ, ಸರ್ವೆ ನಂಬರಾ? ಕೌಂಟರಿನ ಆಚೆ ಕೂತವರಿಗೂ ಗೊತ್ತಿರುವುದಿಲ್ಲ. ಅವರ ಸ್ಕ್ರೀನ್‌ನಲ್ಲೂ ಬಂದಿರುವುದು ಅದೇ ಒಂದು ಪದ.

ನನ್ನೂರು ಮಂಡೆಕೋಲು. ಸುಳ್ಯ ತಾಲೂಕಿನ ಅಂಚಿನ ಊರು, ಗಡಿ ದಾಟಿದರೆ ಕೇರಳ. ಇಂಥ ಊರುಗಳಲ್ಲಿ ಒಬ್ಬರ ಹೆಸರು ಮೂರು ಕಾಗದದಲ್ಲಿ ಮೂರು ತರ ಇರುವುದು ದೊಡ್ಡ ವಿಷಯವೇ ಅಲ್ಲ. ಒಂದರಲ್ಲಿ ಮನೆಯ ಹೆಸರು ಮೊದಲು, ಇನ್ನೊಂದರಲ್ಲಿ ಇನಿಷಿಯಲ್ ಕೊನೆಗೆ, ಮತ್ತೊಂದರಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಹೋಗಿ ಅಲ್ಲಿಂದ ಕನ್ನಡಕ್ಕೆ ಬಂದ ಕಾಗುಣಿತ. ಊರವರಿಗೆ ಅದು ಒಬ್ಬರೇ ಮನುಷ್ಯ, ಕಂಪ್ಯೂಟರಿಗೆ ಮೂವರು. ಎಲ್ಲಿ ಎಡವಟ್ಟಾಗಿದೆ ಅಂತ ಹೇಳಿದರೆ ಒಂದು ದಿನದಲ್ಲಿ ಸರಿಮಾಡಿಸಿಕೊಂಡು ಬರಬಹುದು. ಹೇಳದಿದ್ದರೆ ಅಡಿಕೆ ಕೊಯ್ಲು ಬಿಟ್ಟು ಸುಳ್ಯಕ್ಕೆ ಬಸ್ ಹತ್ತುತ್ತಲೇ ಇರಬೇಕು.

ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇದರಲ್ಲಿ ಒಂದು ವಿಚಿತ್ರ ಕಾಣುತ್ತದೆ. ಈ ಪೋರ್ಟಲ್‌ಗಳನ್ನು ಬರೆಯುವವರು ದಿನವಿಡೀ ಬಳಸುವ ಕಂಪೈಲರ್ ಅವರ ಜೊತೆ ಯಾವತ್ತೂ ಹೀಗೆ ನಡೆದುಕೊಳ್ಳುವುದಿಲ್ಲ. ಕೋಡ್‌ನಲ್ಲಿ ತಪ್ಪಿದ್ದರೆ ಯಾವ ಫೈಲು, ಎಷ್ಟನೇ ಸಾಲು, ಎಷ್ಟನೇ ಅಕ್ಷರ ಅಂತ ತೋರಿಸುತ್ತದೆ. ಆ ಮರ್ಯಾದೆ ತಾನಾಗಿ ಬಂದದ್ದಲ್ಲ. ತಪ್ಪು ಮಾಡಿದವನಿಗೆ ತಪ್ಪಿನ ಜಾಗ ತಿಳಿಸಬೇಕು ಅಂತ ಹಟ ಹಿಡಿದವರಲ್ಲಿ ಒಬ್ಬರು ಜಾನ್ ಜಾರ್ಜ್ ಕೆಮೆನಿ. ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ ಇಬ್ಬರಲ್ಲಿ ಒಬ್ಬರು. ಅವರ ಬದುಕು ಕಂಪ್ಯೂಟರ್ ಲ್ಯಾಬಿನಲ್ಲೇ ಮುಗಿದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಅದೇ ಪ್ರಶ್ನೆ ಹಿಡಿದುಕೊಂಡು ಅವರು ಒಂದು ಅಣುಸ್ಥಾವರದ ಕಂಟ್ರೋಲ್ ರೂಮಿನವರೆಗೂ ಹೋದರು.

ಬುಡಾಪೆಸ್ಟ್‌ನಿಂದ ಲಾಸ್ ಅಲಾಮೋಸ್‌ಗೆ

ಕೆಮೆನಿ ಹುಟ್ಟಿದ್ದು 1926ರ ಮೇ 31ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ, ಯಹೂದಿ ಕುಟುಂಬದಲ್ಲಿ. 1938ರಲ್ಲಿ ಹಿಟ್ಲರ್ ಪಕ್ಕದ ಆಸ್ಟ್ರಿಯಾವನ್ನು ನುಂಗಿದಾಗ ಅಪ್ಪನಿಗೆ ಮುಂದೇನಾಗುತ್ತದೆ ಅಂತ ಅಂದಾಜಾಯಿತು. ಅವರು ಮೊದಲು ಒಬ್ಬರೇ ಅಮೆರಿಕಕ್ಕೆ ಹೋದರು, 1940ರಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಅಜ್ಜ ಮಾತ್ರ ಊರು ಬಿಡಲು ಒಪ್ಪಲಿಲ್ಲ. ಆ ಅಜ್ಜ ಮತ್ತು ಹತ್ತಿರದ ಇನ್ನಿಬ್ಬರು ಬಂಧುಗಳು ನಾಜಿಗಳ ನರಮೇಧದಲ್ಲಿ ಸತ್ತರು. ಒಂದು ಸರ್ಕಾರ ತನ್ನ ಪಟ್ಟಿಯಿಂದ ಜನರನ್ನು ಅಳಿಸಲು ಹೊರಟರೆ ಎಲ್ಲಿಗೆ ಮುಟ್ಟುತ್ತದೆ ಎಂಬುದು ಕೆಮೆನಿಗೆ ಮನೆಯೊಳಗಿನ ಲೆಕ್ಕ.

ನ್ಯೂಯಾರ್ಕಿನ ಸರ್ಕಾರಿ ಹೈಸ್ಕೂಲಿಗೆ ಸೇರಿದಾಗ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಮೂರೇ ವರ್ಷದಲ್ಲಿ ತರಗತಿಗೇ ಮೊದಲಿಗನಾಗಿ ಹೊರಬಂದು ಪ್ರಿನ್ಸ್‌ಟನ್ ಸೇರಿದರು. ಓದಿನ ನಡುವೆಯೇ ಯುದ್ಧದ ಕೆಲಸಕ್ಕೆ ಕರೆ ಬಂತು. ಲಾಸ್ ಅಲಾಮೋಸ್‌ನ ಬಾಂಬ್ ಯೋಜನೆಯ ಲೆಕ್ಕದ ವಿಭಾಗದಲ್ಲಿ ರಿಚರ್ಡ್ ಫೈನ್‌ಮನ್ ಕೈಕೆಳಗೆ ಕೆಲಸ. ಅಲ್ಲಿ ಲೆಕ್ಕ ಮಾಡುತ್ತಿದ್ದದ್ದು ತೂತು ಹೊಡೆದ ಕಾರ್ಡುಗಳನ್ನು ನುಂಗುವ ಐಬಿಎಂ ಯಂತ್ರಗಳು. ಹಗಲು ರಾತ್ರಿ ಪಾಳಿ. ಒಂದು ಲೆಕ್ಕಕ್ಕೆ ವಾರಗಟ್ಟಲೆ. ನಡುವೆ ಎಲ್ಲೋ ಒಂದು ಕಾರ್ಡು ಕೆಟ್ಟರೆ ಅದು ಎಲ್ಲಿ ಕೆಟ್ಟಿತು ಅಂತ ಹುಡುಕುವುದೇ ಇನ್ನೊಂದು ಲೆಕ್ಕ. ಆಗ ಕೆಮೆನಿಗೆ ಇಪ್ಪತ್ತೂ ತುಂಬಿರಲಿಲ್ಲ.

ಯುದ್ಧ ಮುಗಿದ ಮೇಲೆ ಪ್ರಿನ್ಸ್‌ಟನ್‌ಗೆ ವಾಪಸ್. ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಮಾರ್ಗದರ್ಶನದಲ್ಲಿ 1949ರಲ್ಲಿ ಡಾಕ್ಟರೇಟ್. ಆ ದಿನಗಳಲ್ಲೇ ಐನ್‌ಸ್ಟೈನ್‌ಗೆ ಗಣಿತದ ಸಹಾಯಕ. ಇಂಥ ಬಯೋಡೇಟಾ ಇರುವವರು ಸಾಮಾನ್ಯವಾಗಿ ದೊಡ್ಡ ಸಂಶೋಧನಾ ಕೇಂದ್ರದಲ್ಲಿ ಕೂರುತ್ತಾರೆ. ಕೆಮೆನಿ 1953ರಲ್ಲಿ, 27ರ ವಯಸ್ಸಿಗೆ, ನ್ಯೂ ಹ್ಯಾಂಪ್‌ಶೈರ್‌ನ ಡಾರ್ಟ್‌ಮತ್ ಕಾಲೇಜಿಗೆ ಮೇಷ್ಟ್ರಾಗಿ ಹೋದರು. ಎರಡೇ ವರ್ಷದಲ್ಲಿ ಗಣಿತ ವಿಭಾಗದ ಮುಖ್ಯಸ್ಥ.

ರೈಲು ಹತ್ತಿದ ಕಾರ್ಡುಗಳು

ಡಾರ್ಟ್‌ಮತ್‌ನಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಇನ್ನೂರು ಕಿಲೋಮೀಟರ್‌ಗೂ ಹೆಚ್ಚು ದೂರದ ಎಂಐಟಿಯಲ್ಲಿ ಒಂದಿತ್ತು. ಕೆಮೆನಿಯ ಸಹೋದ್ಯೋಗಿ ಥಾಮಸ್ ಕರ್ಟ್ಜ್ ಎರಡು ವಾರಕ್ಕೊಮ್ಮೆ ಕಾರ್ಡುಗಳ ಪೆಟ್ಟಿಗೆ ಹೊತ್ತು ರೈಲು ಹತ್ತುತ್ತಿದ್ದರು. ಅಲ್ಲಿ ಕಾರ್ಡು ಕೊಟ್ಟು, ಕಾದು, ಉತ್ತರ ತೆಗೆದುಕೊಂಡು ಬರಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೂ ಆ ಸುತ್ತು ದಂಡ. ತಿದ್ದಿದ ಕಾರ್ಡು ಮತ್ತೆ ಎರಡು ವಾರ ಕಾಯಬೇಕು.

ಆ ಕಾಲದಲ್ಲಿ ಕಂಪ್ಯೂಟರ್ ಇದ್ದ ಕಡೆಯೆಲ್ಲ ವ್ಯವಸ್ಥೆ ಹೀಗೇ. ಯಂತ್ರ ಒಳಗೆ, ಜನ ಹೊರಗೆ, ನಡುವೆ ಒಂದು ಕಿಟಕಿ. ಕಿಟಕಿಯಲ್ಲಿ ಕಾರ್ಡು ಕೊಟ್ಟವರಿಗೆ ಗಂಟೆಗಳ ಅಥವಾ ದಿನಗಳ ನಂತರ ಒಂದು ಕಾಗದದ ಕಂತೆ ಸಿಗುತ್ತಿತ್ತು. ಕಾರ್ಯಕ್ರಮ ಕೆಟ್ಟು ನಿಂತಿದ್ದರೆ ಅದರ ತುಂಬ ಮೆಮೊರಿಯ ಅಂಕಿಗಳು. ಓದಿ ಅರ್ಥ ಮಾಡಿಕೊಳ್ಳುವುದು ಪಂಡಿತರ ಕೆಲಸ. ನಮ್ಮ ಕಚೇರಿಗಳ ಕಿಟಕಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1959ರಲ್ಲಿ ಡಾರ್ಟ್‌ಮತ್‌ಗೆ ಎಲ್‌ಜಿಪಿ-30 ಎಂಬ ಸಣ್ಣ ಯಂತ್ರ ಬಂತು. ಡಿಗ್ರಿ ಓದುವ ಹುಡುಗರೇ ಅದಕ್ಕೆ ಅಲ್ಗಾಲ್ ಭಾಷೆಯ ಕಂಪೈಲರ್ ಬರೆದು ತೋರಿಸಿದರು. ಕೆಮೆನಿ ಮತ್ತು ಕರ್ಟ್ಜ್‌ಗೆ ಅಲ್ಲಿಂದ ಧೈರ್ಯ ಬಂತು. ಅವರ ಯೋಜನೆ ಆ ಕಾಲಕ್ಕೆ ಹುಚ್ಚು ಅನ್ನಿಸುವಂಥದ್ದು. ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಯೂ, ಇತಿಹಾಸ ಓದುವವನೂ ಸಾಹಿತ್ಯ ಓದುವವನೂ, ಲೈಬ್ರರಿಗೆ ಹೋದ ಹಾಗೆ ಹೋಗಿ ಕಂಪ್ಯೂಟರ್ ಮುಂದೆ ಕೂರಬೇಕು. ಅನುಮತಿ ಬೇಡ, ದುಡ್ಡು ಬೇಡ. ಒಂದೇ ಯಂತ್ರದ ಸಮಯವನ್ನು ಹಲವರಿಗೆ ಕ್ಷಣ ಕ್ಷಣ ಹಂಚುವ ವ್ಯವಸ್ಥೆ ಬೇಕು, ಜೊತೆಗೆ ಹೊಸಬರಿಗೆ ಒಗ್ಗುವ ಭಾಷೆ ಬೇಕು. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ದುಡ್ಡು ಕೊಟ್ಟಿತು. ಸಿಸ್ಟಮ್ ಬರೆದವರಲ್ಲಿ ಹೆಚ್ಚಿನವರು ಡಿಗ್ರಿ ವಿದ್ಯಾರ್ಥಿಗಳು.

1964ರ ಮೇ 1ರ ಬೆಳಗಿನ ಜಾವ 4 ಗಂಟೆಗೆ ಎರಡು ಟೆಲಿಟೈಪ್‌ಗಳಿಂದ ಒಟ್ಟಿಗೆ ‘ರನ್’ ಎಂದು ಟೈಪ್ ಮಾಡಿದರು. ಎರಡಕ್ಕೂ ಸರಿ ಉತ್ತರ ಬಂತು. ಬೇಸಿಕ್ ಹುಟ್ಟಿದ್ದು ಹಾಗೆ.

10, 20, 30

ಬೇಸಿಕ್‌ನ ಗುರುತು ಸಾಲಿನ ನಂಬರ್. ಪ್ರತಿ ಸಾಲೂ ಒಂದು ಅಂಕಿಯಿಂದ ಶುರು. 10 ಎಂದು ಬರೆದು ಒಂದು ಆದೇಶ, 20 ಎಂದು ಬರೆದು ಇನ್ನೊಂದು. ಟೆಲಿಟೈಪ್ ಅಂದರೆ ಸ್ಕ್ರೀನ್ ಇಲ್ಲದ, ಕಾಗದದ ಮೇಲೆ ಬಡಿಯುವ ಯಂತ್ರ. ಹಿಂದೆ ಹೋಗಿ ಅಳಿಸುವ ಹಾಗಿಲ್ಲ. 20ನೇ ಸಾಲು ತಪ್ಪಾಗಿದ್ದರೆ 20 ಅಂತ ಮತ್ತೆ ಬರೆದು ಸರಿಯಾದ್ದನ್ನು ಹೊಡೆದರೆ ಮುಗಿಯಿತು, ಹಳೆಯದು ಹೋಗಿ ಹೊಸದು ಕೂರುತ್ತದೆ. ನಡುವೆ ಏನೋ ಮರೆತಿದ್ದರೆ 15 ಅಂತ ಸೇರಿಸಬಹುದು. ಹತ್ತು ಹತ್ತು ಬಿಟ್ಟು ಎಣಿಸುತ್ತಿದ್ದದ್ದು ಅದಕ್ಕೇ. ಮರೆಯುವುದು ಮನುಷ್ಯನ ಸ್ವಭಾವ ಅಂತ ಮೊದಲೇ ಒಪ್ಪಿ ಜಾಗ ಬಿಟ್ಟ ಭಾಷೆ ಅದು.

ಇದರ ಇನ್ನೊಂದು ಲಾಭ ದೂರಿನಲ್ಲಿ ಕಾಣುತ್ತಿತ್ತು. ತಪ್ಪು ಸಿಕ್ಕಾಗ ಯಂತ್ರ ಯಾವ ತರದ ತಪ್ಪು ಅಂತ ಹೇಳಿ ಪಕ್ಕದಲ್ಲೇ ಸಾಲಿನ ನಂಬರ್ ಮುದ್ರಿಸುತ್ತಿತ್ತು. ಸೂತ್ರ ಸರಿಯಿಲ್ಲ, ಸಾಲು 70. ಅಷ್ಟೇ. ಹುಡುಗ ತನ್ನ ಕಾಗದದಲ್ಲಿ 70 ಹುಡುಕುತ್ತಾನೆ, ನೋಡುತ್ತಾನೆ, ತಿದ್ದುತ್ತಾನೆ, ಮತ್ತೆ ರನ್. ಎರಡು ವಾರದ ರೈಲು ಪ್ರಯಾಣ ಕೆಲವು ಸೆಕೆಂಡಿಗೆ ಇಳಿಯಿತು. ಸ್ಪಷ್ಟವಾದ, ಸ್ನೇಹದ ದೂರು ಕೊಡಬೇಕು ಎಂಬುದನ್ನು ಕೆಮೆನಿ ಮತ್ತು ಕರ್ಟ್ಜ್ ಭಾಷೆಯ ವಿನ್ಯಾಸದ ನಿಯಮಗಳಲ್ಲೇ ಸೇರಿಸಿದ್ದರು. ಕೊನೆಗೆ ಹಚ್ಚುವ ಸುಣ್ಣಬಣ್ಣ ಅಂತ ಬಿಟ್ಟಿರಲಿಲ್ಲ.

ಬೇಸಿಕ್ ಮೇಲೆ ಅವರು ಹಕ್ಕು ಹಿಡಿದುಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟರು. 1975ರ ಹೊತ್ತಿಗೆ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಆಲ್ಟೇರ್ ಯಂತ್ರಕ್ಕೆ ಬರೆದು ಮಾರಿದ್ದು ಅದರದ್ದೇ ಒಂದು ತಳಿ. 1980ರ ದಶಕದ ನಡುವೆ ಭಾರತ ಸರ್ಕಾರ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳಲ್ಲಿ ಇದ್ದದ್ದೂ ಬೇಸಿಕ್. ನಿಮ್ಮ ಅಣ್ಣಂದಿರನ್ನೋ ಚಿಕ್ಕಪ್ಪನನ್ನೋ ಕೇಳಿ ನೋಡಿ, 10, 20 ಅಂತ ಬರೆದ ನೆನಪು ಕೆಲವರಿಗಾದರೂ ಉಂಟು.

ಎಲ್ಲರೂ ಮೆಚ್ಚಲಿಲ್ಲ. ಡೈಕ್‌ಸ್ಟ್ರ ಎಂಬ ದೊಡ್ಡ ಕಂಪ್ಯೂಟರ್ ವಿಜ್ಞಾನಿ 1975ರಲ್ಲಿ, ಬೇಸಿಕ್ ಕಲಿತವರ ತಲೆ ಶಾಶ್ವತವಾಗಿ ಕೆಡುತ್ತದೆ ಎಂಬರ್ಥದ ಕಟು ಟೀಕೆ ಮಾಡಿದರು. ಅದರಲ್ಲಿ ಸತ್ಯವೂ ಇತ್ತು. ಸಾಲಿನ ನಂಬರ್ ಇದೆ ಅಂದಮೇಲೆ ಇಲ್ಲಿಂದ 200ಕ್ಕೆ ಹಾರು, ಅಲ್ಲಿಂದ 40ಕ್ಕೆ ಹಾರು ಅಂತ ಬರೆಯುವ ಚಟ ಹತ್ತುತ್ತದೆ. ಕೋಡು ಸೇಮಿಗೆಯ ಮುದ್ದೆ ಆಗುತ್ತದೆ. ಕೆಮೆನಿ ಮತ್ತು ಕರ್ಟ್ಜ್ ಇದನ್ನು ಒಪ್ಪಿಕೊಂಡರು ಅನ್ನಬೇಕು, ಯಾಕೆಂದರೆ 1985ರಲ್ಲಿ ತಾವೇ ಹೊರತಂದ ಟ್ರೂ ಬೇಸಿಕ್‌ನಲ್ಲಿ ಸಾಲಿನ ನಂಬರನ್ನು ಕಡ್ಡಾಯ ಮಾಡಲಿಲ್ಲ.

ಆಮೇಲಿನ ಭಾಷೆಗಳಲ್ಲಿ ನಾವು ಕೈಯಿಂದ ನಂಬರ್ ಹಾಕುವುದು ನಿಂತಿತು. ಆದರೆ ದೂರಿನಲ್ಲಿ ಸಾಲಿನ ನಂಬರ್ ಬರುವುದು ನಿಲ್ಲಲಿಲ್ಲ. ಹಾಗಾದರೆ ಈಗ ಎಣಿಸುವವರು ಯಾರು?

ಎಣಿಸುವ ಕೆಲಸ ಯಾರದ್ದು?

ಕಂಪೈಲರಿಗೆ ನಿಮ್ಮ ಕೋಡು ಪುಟದ ಹಾಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಅಕ್ಷರಗಳ ಒಂದು ಉದ್ದ ಮೆರವಣಿಗೆ. ನೀವು ಎಂಟರ್ ಒತ್ತಿದ್ದು ಕೂಡ ಆ ಮೆರವಣಿಗೆಯಲ್ಲಿ ಇನ್ನೊಂದು ಅಕ್ಷರ. ಮೊದಲ ಹಂತದಲ್ಲಿ ಲೆಕ್ಸರ್ ಎಂಬ ಭಾಗ ಅಕ್ಷರಗಳನ್ನು ಕೂಡಿಸಿ ಪದ ಮಾಡುತ್ತದೆ. ಇದು ಹೆಸರು, ಇದು ಅಂಕಿ, ಇದು ಆವರಣ ಚಿಹ್ನೆ ಅಂತ ವಿಂಗಡಿಸುತ್ತದೆ. ಈ ಪದಗಳಿಗೆ ಟೋಕನ್ ಅಂತಾರೆ. ಖಾಲಿ ಜಾಗ, ಕಾಮೆಂಟ್, ಸಾಲಿನ ಕೊನೆ ಇವನ್ನೆಲ್ಲ ಹೆಚ್ಚಿನ ಭಾಷೆಗಳಲ್ಲಿ ಅಲ್ಲೇ ಎಸೆದುಬಿಡುತ್ತದೆ. ಎರಡನೇ ಹಂತದಲ್ಲಿ ಪಾರ್ಸರ್ ಬಂದು ಈ ಪದಗಳು ಸೇರಿ ವಾಕ್ಯ ಆಗುತ್ತದೆಯೇ ಅಂತ ವ್ಯಾಕರಣ ನೋಡುತ್ತದೆ.

ತೊಡಕು ಇರುವುದು ಇಲ್ಲಿ. ವಾಕ್ಯ ತಪ್ಪಿದೆ ಅಂತ ಹಿಡಿಯುವುದು ಪಾರ್ಸರ್. ಸಾಲು ಎಲ್ಲಿ ಮುಗಿಯಿತು ಅಂತ ನೋಡಿದ್ದು ಲೆಕ್ಸರ್ ಮಾತ್ರ. ಪಾರ್ಸರ್ ಕೈಗೆ ಪದಗಳು ಬರುವ ಹೊತ್ತಿಗೆ ಸಾಲುಗಳೇ ಇಲ್ಲ.

ಅಡಿಕೆ ಸುಲಿದು ವಿಂಗಡಿಸುವುದನ್ನು ನೆನಪಿಸಿಕೊಳ್ಳಿ. ಚಾಲಿ ಒಂದು ಕಡೆ, ಪಟೋರ ಒಂದು ಕಡೆ, ಕರಿಗೋಟು ಇನ್ನೊಂದು ಕಡೆ. ಹತ್ತು ತೋಟದ ಅಡಿಕೆ ಒಂದೇ ರಾಶಿಗೆ ಸುರಿದು ವಿಂಗಡಿಸಿದರೆ ಗುಣಮಟ್ಟ ಗೊತ್ತಾಗುತ್ತದೆ, ಕರಿಗೋಟು ಯಾರ ತೋಟದ್ದು ಅಂತ ಗೊತ್ತಾಗುವುದಿಲ್ಲ. ಅದು ಬೇಕಿದ್ದರೆ ಗೋಣಿ ಬಿಚ್ಚುವ ಮೊದಲೇ ಚೀಟಿ ಕಟ್ಟಬೇಕು, ವಿಂಗಡಿಸುವಾಗಲೂ ಆ ಚೀಟಿ ಜೊತೆಗೇ ಹೋಗಬೇಕು. ಲೆಕ್ಸರ್ ಮಾಡುವುದು ಇದನ್ನೇ. ಒಂದು ಎಣಿಕೆ ಇಟ್ಟುಕೊಂಡು ಸಾಲು ಮುಗಿದಾಗಲೆಲ್ಲ ಒಂದು ಕೂಡಿಸುತ್ತದೆ. ಪ್ರತಿ ಟೋಕನ್‌ಗೂ ಅದು ಹುಟ್ಟಿದ ಸಾಲು ಮತ್ತು ಕಾಲಮ್ಮಿನ ಚೀಟಿ ಕಟ್ಟಿ ಮುಂದೆ ಕಳಿಸುತ್ತದೆ. ಪಾರ್ಸರ್ ಆ ಚೀಟಿಯನ್ನು ತಾನು ಕಟ್ಟುವ ಮರದ ಪ್ರತಿ ರೆಂಬೆಗೂ ಅಂಟಿಸಿಡಬೇಕು, ಯಾಕೆಂದರೆ ಅಂಕಿಗೆ ಅಕ್ಷರ ಕೂಡಿಸಿದಂಥ ತಪ್ಪುಗಳು ಸಿಗುವುದು ಇನ್ನೂ ಮುಂದಿನ ಹಂತದಲ್ಲಿ.

ಕೇಳಲು ಸುಲಭ, ಎಡವಲು ಜಾಗ ಬಹಳ. ಹತ್ತು ಸಾಲು ಉದ್ದದ ಕಾಮೆಂಟನ್ನು ಎಸೆಯುವಾಗ ಅದರೊಳಗಿನ ಸಾಲುಗಳನ್ನು ಎಣಿಸಲು ಮರೆತರೆ ಅಲ್ಲಿಂದ ಮುಂದಿನ ಎಲ್ಲ ದೂರುಗಳೂ ಹತ್ತು ಸಾಲು ಹಿಂದಕ್ಕೆ ಬೀಳುತ್ತವೆ. ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಎರಡು ಚಿಹ್ನೆ ಇರುತ್ತದೆ, ಎರಡನ್ನೂ ಬೇರೆ ಬೇರೆ ಎಣಿಸಿದರೆ ಸಾಲು ದುಪ್ಪಟ್ಟು. ಒಂದು ಫೈಲು ಇನ್ನೊಂದನ್ನು ಒಳಗೆ ಎಳೆದುಕೊಂಡರೆ ಸಾಲಿನ ನಂಬರ್ ಒಂದೇ ಸಾಲದು, ಫೈಲಿನ ಹೆಸರೂ ಚೀಟಿಯಲ್ಲಿ ಬೇಕು. ಮೂಲ ಎಲ್ಲಿಯದು ಎಂಬ ದಾಖಲೆಯನ್ನು ಮೊದಲ ಹಂತದಿಂದಲೇ ಹಿಡಿಯಬೇಕು, ಪ್ರತಿ ಹಂತವೂ ದಾಟಿಸಬೇಕು. ನಡುವೆ ಒಬ್ಬರು ಕೈಬಿಟ್ಟರೂ ಆಮೇಲೆ ಯಾವ ಜಾಣನಿಗೂ ಅದನ್ನು ಪೂರ್ತಿ ಹುಡುಕಿ ತರಲು ಆಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಸಿ ಕಲಿತವರಿಗೆ ಇದರ ಪರಿಚಯ ಇರುತ್ತದೆ. 12ನೇ ಸಾಲಿನ ಕೊನೆಗೆ ಸೆಮಿಕೋಲನ್ ಬಿಟ್ಟುಹೋಗಿದ್ದರೆ ಹಳೆಯ ಕಂಪೈಲರ್‌ಗಳು 13ನೇ ಸಾಲಿನಲ್ಲಿ ತಪ್ಪು ಅಂತ ತೋರಿಸುತ್ತಿದ್ದವು. 13ನೇ ಸಾಲು ಎಷ್ಟು ನೋಡಿದರೂ ಸರಿಯಾಗೇ ಇರುತ್ತದೆ. ಕಾರಣ ಇಷ್ಟೇ, ಪಾರ್ಸರ್‌ಗೆ ಅನುಮಾನ ಬಂದದ್ದು ಮುಂದಿನ ಪದ ನೋಡಿದ ಮೇಲೆ. ಮುಚ್ಚದ ಆವರಣವಾದರೆ ಫೈಲಿನ ಕೊನೆಯ ಸಾಲಿನ ಮೇಲೆ ದೂರು ಬರುತ್ತದೆ, ತಪ್ಪು ಆದದ್ದು ಇನ್ನೂರು ಸಾಲು ಮೇಲೆ. ತಪ್ಪು ಕಂಡ ಜಾಗ ಒಂದು, ತಪ್ಪು ಆದ ಜಾಗ ಇನ್ನೊಂದು. ಒಳ್ಳೆಯ ಕಂಪೈಲರ್ ಎರಡನ್ನೂ ತೋರಿಸುತ್ತದೆ. ಇಲ್ಲಿ ಸಿಕ್ಕಿಬಿದ್ದಿದೆ, ಆದರೆ ತೆರೆದದ್ದು ಅಲ್ಲಿ ನೋಡಿ ಅಂತ.

ಈ ವ್ಯತ್ಯಾಸ ಕೆಮೆನಿಯ ಬದುಕಿನ ಉತ್ತರಾರ್ಧದಲ್ಲಿ ಸಾವು ಬದುಕಿನ ಪ್ರಶ್ನೆಯಾಗಿ ಎದುರಾಯಿತು.

ಕಾಲೇಜಿನ ಚುಕ್ಕಾಣಿ

ಅದಕ್ಕೆ ಮೊದಲು ಒಂದು ಮಾತು. 1964ರಲ್ಲಿ ಕೆಮೆನಿ ಎಲ್ಲರಿಗೂ ಕಂಪ್ಯೂಟರ್ ಅಂದಾಗ ಆ ಎಲ್ಲರಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಡಾರ್ಟ್‌ಮತ್ ಗಂಡುಹುಡುಗರ ಕಾಲೇಜು, ಬಹುಪಾಲು ಬಿಳಿಯರದ್ದು, ಉಳ್ಳವರದ್ದು. ಬೇಸಿಕ್‌ನ ಕತೆ ಹೇಳುವವರು ಇದನ್ನು ಹಾರಿಸಿಬಿಡುತ್ತಾರೆ.

ಕೆಮೆನಿ 1970ರ ಮಾರ್ಚ್ 1ರಂದು ಕಾಲೇಜಿನ ಅಧ್ಯಕ್ಷರಾದರು. ಎರಡು ತಿಂಗಳಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ವಿದ್ಯಾರ್ಥಿಗಳ ಮೇಲೆ ಗೋಲಿಬಾರ್ ಆಗಿ ನಾಲ್ವರು ಸತ್ತರು. ದೇಶದ ಕ್ಯಾಂಪಸ್‌ಗಳು ಕುದಿಯುತ್ತಿದ್ದವು. ಕೆಮೆನಿ ಪೊಲೀಸರನ್ನು ಕರೆಯಲಿಲ್ಲ. ಒಂದು ವಾರ ತರಗತಿ ನಿಲ್ಲಿಸಿ, ಏನಾಗುತ್ತಿದೆ ಅಂತ ಕೂತು ಮಾತಾಡಲು ವಿದ್ಯಾರ್ಥಿ ಮತ್ತು ಅಧ್ಯಾಪಕರಿಗೆ ಆ ಸಮಯ ಕೊಟ್ಟರು. ಬಲಪಂಥೀಯ ಪತ್ರಿಕೆ ಸಂಪಾದಕೀಯ ಬರೆದು ಬೈಯಿತು.

1972ರಲ್ಲಿ ಡಾರ್ಟ್‌ಮತ್‌ನ ಬಾಗಿಲು ವಿದ್ಯಾರ್ಥಿನಿಯರಿಗೆ ತೆರೆಯಿತು. ಹಳೆ ವಿದ್ಯಾರ್ಥಿಗಳ ದೊಡ್ಡ ಬಣ ವಿರೋಧಿಸಿತ್ತು. ಇನ್ನೊಂದು ಸಂಗತಿ ಇನ್ನೂ ಹಳೆಯದು. 1769ರಲ್ಲಿ ಕಾಲೇಜು ಶುರುವಾದಾಗ ಅದರ ಸನ್ನದಿನಲ್ಲೇ ಅಮೆರಿಕದ ಆದಿವಾಸಿ ಯುವಕರ ಶಿಕ್ಷಣದ ಉದ್ದೇಶ ಬರೆದಿತ್ತು. ಮೊದಲ 200 ವರ್ಷಗಳಲ್ಲಿ ಅಲ್ಲಿ ಪದವಿ ಪಡೆದ ಆದಿವಾಸಿಗಳ ಸಂಖ್ಯೆ 20 ಕೂಡ ಮುಟ್ಟಿರಲಿಲ್ಲ. ಕೆಮೆನಿ ಅಧಿಕಾರ ಹಿಡಿದಾಗಲೇ ಆ ಹಳೆಯ ಮಾತನ್ನು ಎತ್ತಿಕೊಂಡು ಆದಿವಾಸಿ ವಿದ್ಯಾರ್ಥಿಗಳ ಸೇರ್ಪಡೆಗೆ ಕಾರ್ಯಕ್ರಮ ಶುರುಮಾಡಿದರು. ಇಷ್ಟೆಲ್ಲದರ ನಡುವೆ ಪಾಠ ಮಾಡುವುದನ್ನು ಬಿಡಲಿಲ್ಲ. ಅಧ್ಯಕ್ಷರಾಗಿದ್ದಷ್ಟು ಕಾಲವೂ ಚಾಕ್‌ಪೀಸ್ ಹಿಡಿದು ಗಣಿತದ ತರಗತಿಗೆ ಹೋಗುತ್ತಿದ್ದರು.

ನೂರು ಅಲಾರಂ, ಒಂದು ದೀಪ

1979ರ ಮಾರ್ಚ್ 28, ಮತ್ತೆ ಬೆಳಗಿನ ಜಾವ 4 ಗಂಟೆ. ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಎರಡನೇ ಘಟಕದಲ್ಲಿ ನೀರಿನ ಪಂಪುಗಳು ನಿಂತವು. ರಿಯಾಕ್ಟರ್ ತಾನಾಗಿ ನಿಂತಿತು. ಒತ್ತಡ ಇಳಿಸಲು ಒಂದು ಕವಾಟ ತೆರೆಯಿತು. ಒತ್ತಡ ಇಳಿದ ಮೇಲೆ ಮುಚ್ಚಬೇಕಿತ್ತು, ಸಿಕ್ಕಿಹಾಕಿಕೊಂಡಿತು. ರಿಯಾಕ್ಟರನ್ನು ತಂಪಿಡುವ ನೀರು ಆ ದಾರಿಯಿಂದ ಸೋರಲು ಶುರುವಾಯಿತು.

ಕಂಟ್ರೋಲ್ ರೂಮಿನಲ್ಲಿ ಕೆಲವೇ ನಿಮಿಷದಲ್ಲಿ ನೂರಕ್ಕೂ ಹೆಚ್ಚು ಅಲಾರಂ ಬಡಿದುಕೊಂಡವು. ಯಾವುದು ಮುಖ್ಯ, ಯಾವುದು ಅದರ ಪರಿಣಾಮ, ಯಾವುದು ಮೊದಲು ಬಂದದ್ದು ಅಂತ ಬೇರ್ಪಡಿಸುವ ವ್ಯವಸ್ಥೆ ಇರಲಿಲ್ಲ. ಅಲಾರಂಗಳನ್ನು ಮುದ್ರಿಸುವ ಪ್ರಿಂಟರ್ ಹೊರೆ ತಾಳಲಾರದೆ ಎರಡು ಗಂಟೆಗೂ ಹೆಚ್ಚು ಹಿಂದೆ ಬಿತ್ತು. ಮತ್ತೆ ಆ ಕವಾಟದ ದೀಪ. ಅದು ಆರಿತ್ತು, ಹಾಗಾಗಿ ಕವಾಟ ಮುಚ್ಚಿದೆ ಅಂತ ಸಿಬ್ಬಂದಿ ತಿಳಿದರು. ಆ ದೀಪ ಹೇಳುತ್ತಿದ್ದದ್ದು ಮುಚ್ಚು ಎಂಬ ಸಂಕೇತ ಹೋಗಿದೆ ಎಂದು ಮಾತ್ರ. ಕವಾಟ ನಿಜಕ್ಕೂ ಮುಚ್ಚಿತೋ ಇಲ್ಲವೋ ನೋಡುವ ತಂತಿಯೇ ಅದಕ್ಕೆ ಇರಲಿಲ್ಲ. ಎರಡು ಗಂಟೆ 20 ನಿಮಿಷದ ತನಕ ನೀರು ಸೋರಿತು. ಒಳಗೆ ನೀರು ಜಾಸ್ತಿಯಾಗಿದೆ ಅಂತ ತಪ್ಪು ತಿಳಿದ ಸಿಬ್ಬಂದಿ ತುರ್ತು ನೀರನ್ನೂ ಕಡಿಮೆ ಮಾಡಿದರು. ಇಂಧನದ ಗರ್ಭ ಸುಮಾರು ಅರ್ಧ ಕರಗಿತ್ತು ಎಂದು ವರ್ಷಗಳ ನಂತರ ಗೊತ್ತಾಯಿತು.

ಎರಡೇ ವಾರದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 12 ಜನರ ತನಿಖಾ ಆಯೋಗ ರಚಿಸಿ ಕೆಮೆನಿಯನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದರು. ಸ್ಥಾವರದ ಹತ್ತಿರದ ಊರಿನ ಗೃಹಿಣಿಯೊಬ್ಬರೂ ಅದರಲ್ಲಿ ಸದಸ್ಯೆ. ಸಿದ್ಧ ಉತ್ತರ ಎದುರಿಗೇ ಇತ್ತು: ಆಪರೇಟರ್‌ಗಳ ತಪ್ಪು. ತಪ್ಪು ಗುಂಡಿ ಒತ್ತಿದವರು ಅವರೇ ತಾನೇ? ನಾಲ್ಕು ಜನರನ್ನು ಮನೆಗೆ ಕಳಿಸಿ ಫೈಲು ಮುಚ್ಚಬಹುದಿತ್ತು.

ಆಯೋಗ ಅಲ್ಲಿಗೆ ನಿಲ್ಲಲಿಲ್ಲ, ಸಾಲು ಹಿಡಿದು ಹಿಂದಕ್ಕೆ ಹೋಯಿತು. ಓಹಾಯೊದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ 1977ರಲ್ಲೇ ಇದೇ ತರದ ಕವಾಟ ಹೀಗೇ ಸಿಕ್ಕಿಹಾಕಿಕೊಂಡಿತ್ತು, ಅಲ್ಲಿನ ಸಿಬ್ಬಂದಿಯೂ ಇದೇ ತಪ್ಪು ತಿಳಿದಿದ್ದರು. ರಿಯಾಕ್ಟರ್ ತಯಾರಿಸಿದ ಕಂಪನಿಯ ಇಂಜಿನಿಯರ್‌ಗಳು ಎಚ್ಚರಿಕೆಯ ಟಿಪ್ಪಣಿ ಬರೆದಿದ್ದರು. ಅದು ಕಂಪನಿಯೊಳಗೆ ಟೇಬಲ್‌ನಿಂದ ಟೇಬಲ್‌ಗೆ ಅಲೆದು ಕಳೆದುಹೋಯಿತು, ಸ್ಥಾವರಗಳಿಗೆ ಮುಟ್ಟಲಿಲ್ಲ. ಆ ವರ್ಷ ಅಕ್ಟೋಬರ್ 30ರಂದು ಕೊಟ್ಟ ವರದಿ ಆಪರೇಟರ್‌ಗಳು ಎಡವಿದರು ಅಂತ ಒಪ್ಪಿತು, ಆದರೆ ಅವರನ್ನು ಎಡವುವಂತೆ ಮಾಡಿದ ತರಬೇತಿ, ಕಂಟ್ರೋಲ್ ರೂಮಿನ ವಿನ್ಯಾಸ, ಕಂಪನಿ, ಮತ್ತು ಎಲ್ಲ ಸುರಕ್ಷಿತ ಎಂಬ ನಂಬಿಕೆಯಲ್ಲಿ ಮಲಗಿದ್ದ ನಿಯಂತ್ರಣ ಆಯೋಗವನ್ನು ಹೆಸರಿಟ್ಟು ತೋರಿಸಿತು. ಆಪರೇಟರ್‌ಗಳು 13ನೇ ಸಾಲು. ತಪ್ಪು 12ರಲ್ಲಿತ್ತು.

ವರದಿಗೂ ಮಿತಿ ಇತ್ತು. ಹೊಸ ಸ್ಥಾವರಗಳಿಗೆ ತಡೆ ಹಾಕುವ ಸಲಹೆಗೆ ಆಯೋಗದಲ್ಲಿ ಬೇಕಾದಷ್ಟು ಮತ ಬೀಳಲಿಲ್ಲ. ಅಣುವಿರೋಧಿ ಚಳವಳಿಗಾರರಿಗೆ ಅದು ನಿರಾಸೆ. ಈ ಚರ್ಚೆ ನಮ್ಮ ಕಡೆಗೆ ದೂರದ್ದೇನಲ್ಲ. ಪುತ್ತೂರಿನಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ಹೋರಾಡಿ, 1989ರಲ್ಲಿ ಅದೇ ವಿಷಯ ಹಿಡಿದು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ಕೈಗಾ ಒಂದನೇ ಘಟಕದ ಗುಮ್ಮಟದ ಒಳಪದರದ ಕಾಂಕ್ರೀಟ್ ಕಳಚಿ ಬಿತ್ತು.

ಕೆಮೆನಿ 1981ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟು ಪೂರ್ತಿ ಮೇಷ್ಟ್ರ ಕೆಲಸಕ್ಕೇ ಮರಳಿದರು. 1992ರ ಡಿಸೆಂಬರ್ 26ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು. ಜೊತೆಗಾರ ಕರ್ಟ್ಜ್ 2024ರ ತನಕ ಬದುಕಿದ್ದರು.

ನಮ್ಮ ಸಾಲು ಎಲ್ಲಿದೆ?

ಈಗ ನಮ್ಮ ಲೆಕ್ಕಕ್ಕೆ ಬರೋಣ. 2025ರ ಆಗಸ್ಟ್ 1ರಂದು ಬಿಹಾರದ ಮತದಾರರ ಕರಡು ಪಟ್ಟಿ ಹೊರಬಂದಾಗ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಯಾರು ಬಿಟ್ಟುಹೋದರು, ಯಾಕೆ ಬಿಟ್ಟುಹೋದರು ಅಂತ ಹೆಸರುವಾರು ಪಟ್ಟಿ ಚುನಾವಣಾ ಆಯೋಗ ಕೊಡಲಿಲ್ಲ. ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು: ಬಿಟ್ಟ ಪ್ರತಿ ಹೆಸರನ್ನೂ ಕಾರಣದ ಜೊತೆ ಪ್ರಕಟಿಸಿ, ಜನ ತಮ್ಮ ಗುರುತಿನ ಚೀಟಿಯ ನಂಬರ್ ಹಾಕಿ ಹುಡುಕುವ ಹಾಗೆ ಇಡಿ. 65 ಲಕ್ಷ ಎಂಬ ಅಂಕಿ ಬರೀ ಅಲಾರಂ. ನನ್ನ ಹೆಸರು, ನನ್ನ ಬೂತು, ಸತ್ತಿದ್ದಾರೆ ಎಂಬ ಕಾರಣ ಅಂತ ಬಂದಾಗ ಮಾತ್ರ ನಾನಿನ್ನೂ ಸತ್ತಿಲ್ಲ ಮಾರಾಯ್ರೆ ಅಂತ ಹೋಗಿ ನಿಲ್ಲಬಹುದು.

ತಂತ್ರಜ್ಞಾನದಲ್ಲಿ ಇದು ಆಗದ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎರಡು ಹೆಸರು ತಾಳೆಯಾಗಲಿಲ್ಲ ಅಂತ ಹೇಳಲು ಕಂಪ್ಯೂಟರ್ ಆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲೇಬೇಕು. ಯಾವುದನ್ನು ಯಾವುದರ ಜೊತೆ ನೋಡಿತು ಎಂಬುದು ಆ ಕ್ಷಣ ಅದರ ಕೈಯಲ್ಲಿತ್ತು. ಚೀಟಿ ಕಟ್ಟದೆ ಎಸೆಯಿತು, ಅಷ್ಟೇ. ಎಸೆಯುವುದು ಯಾರೋ ತೆಗೆದುಕೊಂಡ ತೀರ್ಮಾನ. ಜಾಗ ತೋರಿಸಿದರೆ ತಿದ್ದುವವರು ಬರುತ್ತಾರೆ, ಮೇಲ್ಮನವಿ ಬರುತ್ತದೆ, ತಪ್ಪು ಅರ್ಜಿದಾರನದ್ದಲ್ಲ, ವರ್ಷಗಳ ಹಿಂದೆ ಡೇಟಾ ಎಂಟ್ರಿ ಮಾಡಿದ ಕಡೆಯದ್ದು ಅಂತಲೂ ಹೊರಬರುತ್ತದೆ. ಬರೀ ತಿರಸ್ಕೃತ ಅಂದರೆ ಇದ್ಯಾವುದೂ ಇಲ್ಲ. ಬೈಗುಳ ತಿನ್ನಲು ಕೌಂಟರಿನ ಹುಡುಗಿಯೋ ಗ್ರಾಮ ಆಡಳಿತಾಧಿಕಾರಿಯೋ ಸಿಗುತ್ತಾರೆ. ಅವರೂ 13ನೇ ಸಾಲಿನವರೇ.

ಕಾನೂನು ನಮ್ಮ ಕಡೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಡಿ) ಪ್ರಕಾರ ಸಾರ್ವಜನಿಕ ಪ್ರಾಧಿಕಾರ ತನ್ನ ಆಡಳಿತಾತ್ಮಕ ತೀರ್ಮಾನಕ್ಕೆ ಕಾರಣವನ್ನು ಅದರಿಂದ ಬಾಧಿತರಾದವರಿಗೆ ಕೊಡಬೇಕು. ಇದು ಅರ್ಜಿ ಹಾಕಿದರೆ ಕೊಡುವ ಮಾಹಿತಿ ಅಲ್ಲ, ಕೇಳದೆಯೇ ಕೊಡಬೇಕಾದದ್ದು. ತಾಳೆಯಾಗಿಲ್ಲ ಎಂಬುದು ಕಾರಣ ಅಲ್ಲ, ದೂರು. ಯಾವ ಕಾಲಮ್ಮು, ಯಾವ ದಾಖಲೆಯ ಜೊತೆ, ಆ ದಾಖಲೆಯಲ್ಲಿ ಏನಿದೆ, ಯಾವತ್ತು ನೋಡಿದ್ದು, ಇಷ್ಟಿದ್ದರೆ ಕಾರಣ.

ನಿಮ್ಮಲ್ಲಿ ಸಂಘಟನೆಗಳಲ್ಲಿ ಕೆಲಸ ಮಾಡುವವರಿದ್ದೀರಿ. ಮುಂದಿನ ಸಲ ಯಾರದ್ದೋ ಪಿಂಚಣಿಯೋ ರೇಷನ್ ಕಾರ್ಡೋ ಹೀಗೆ ವಾಪಸ್ ಬಂದಾಗ ಈ ನಾಲ್ಕು ಪ್ರಶ್ನೆಯನ್ನು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಕೋಡು ಬರೆಯುವವರೂ ಇದ್ದೀರಿ, ಸುಳ್ಯದ ಇಂಜಿನಿಯರಿಂಗ್ ಕಾಲೇಜಿನಿಂದ ಹೊರಟು ಬೆಂಗಳೂರಿನಲ್ಲಿ ಸರ್ಕಾರಿ ಪ್ರಾಜೆಕ್ಟಿನ ಟೆಂಡರಿನ ಕೆಳಗೆ ಕೆಲಸ ಮಾಡುವವರು. ಸ್ಪೆಸಿಫಿಕೇಷನ್ನಿನಲ್ಲಿ ‘ತಿರಸ್ಕೃತ’ ಎಂಬ ಒಂದು ಸ್ಟೇಟಸ್ ಮಾತ್ರ ಇದ್ದರೆ ಮೀಟಿಂಗಿನಲ್ಲಿ ಕೈಯೆತ್ತಿ. ಮೊದಲ ದಿನವೇ ಕೇಳಿ, ಆಮೇಲೆ ಸೇರಿಸೋಣ ಅಂತ ಬಿಟ್ಟರೆ ಸೇರಿಸಲು ಆಗುವುದಿಲ್ಲ ಎಂಬುದು ಲೆಕ್ಸರ್ ಬರೆದ ಯಾರಿಗೂ ಗೊತ್ತಿರುವ ಸಂಗತಿ.